ತಂಗಿಯ ಕುಳಿ

ಮಾರ್ಚ್ 3, ಬೆಳಿಗ್ಗೆ

ಇವತ್ತು ಮೈಕ್ರೋಸ್ಕೋಪಿಗೆ ಒಂಬತ್ತು ಕಲ್ಲಿನ ಸ್ಲೈಡ್. ಎಂಟರಲ್ಲಿ ಏನೂ ಇಲ್ಲ. ಉಲ್ಕೆ ಬಿದ್ದ ಕುಳಿ ಎಂದು ಕಳಿಸುತ್ತಾರೆ, ನೋಡಿದರೆ ಸುಣ್ಣಕಲ್ಲು ಕರಗಿ ಆದ ಹೊಂಡ. ದುಂಡಗಿದ್ದದ್ದೆಲ್ಲ ಉಲ್ಕೆಯದಾದರೆ ನಮ್ಮನೆ ಪಾತ್ರೆಗಳೂ ಉಲ್ಕಾಕುಳಿಗಳ ಪಟ್ಟಿಗೆ ಸೇರಬೇಕು. ನಿಯಮ ಬರೆದವಳು ನಾನೇ: ಪುರಾವೆ ಸಿಗುವವರೆಗೆ ಪಟ್ಟಿಯಲ್ಲಿ ‘ದುಂಡು ರಚನೆ’, ಸಿಕ್ಕ ಮೇಲಷ್ಟೇ ‘ಕುಳಿ’. ಬಟ್ಟಲಿನ ಹಾಗಿದ್ದರೆ ಸರಳ. ನಡುವೆ ದಿಬ್ಬ ಎದ್ದಿದ್ದರೆ ಸಂಕೀರ್ಣ.

ಒಂಬತ್ತನೆಯದು ತಂಗಿಯದು. ನಾಳೆ ನೋಡಿದರಾಯಿತು.

ಮಾರ್ಚ್ 4

ನೋಡಲಿಲ್ಲ. ಅಮ್ಮನ ಫೋನ್. “ನಿನ್ ತಂಗಿ ಏನೋ ಗುಂಡಿ ಕಂಡುಹಿಡಿದ್ಲಂತೆ ಕಣೇ! ನೀನೂ ಹನ್ನೊಂದು ವರ್ಷ ಒಂದರ ಹಿಂದೆ ಬಿದ್ದಿದ್ಯಲ್ಲ, ಅದೇನಾಯ್ತು?”

ಅದೂ ಸುಣ್ಣಕಲ್ಲಿನ ಹೊಂಡವೇ ಆಯಿತು. ಪಟ್ಟಿಯಿಂದ ನನ್ನ ಕೈಯಾರೆ ಹೊಡೆದುಹಾಕಿದೆ. ಅಮ್ಮನಿಗೆ ಮಾತ್ರ “ಇರ್ಲಿ ಬಿಡಮ್ಮ” ಎಂದೆ.

ಕಲ್ಲನ್ನು ಕೂದಲಿಗಿಂತ ತೆಳ್ಳಗೆ ಉಜ್ಜಿ ಸ್ಲೈಡ್ ಮಾಡುವುದನ್ನು ಅವಳಿಗೆ ಕಲಿಸಿದ್ದು ನಾನು. ಈಗ ಗುರುವಿಗೇ ತಿರುಮಂತ್ರ.

ಮಾರ್ಚ್ 5, ಮಧ್ಯಾಹ್ನ 3

ನೋಡಿದೆ. ಬೆಣಚುಕಲ್ಲಿನ ಕಣದಲ್ಲಿ ಗೆರೆಗಳು — ನೇರ, ಸಮಾಂತರ, ಒತ್ತೊತ್ತಾಗಿ. ಎರಡು ದಿಕ್ಕಿನವು. ಅಂಥ ಪೆಟ್ಟು ಕೊಡುವುದು ಉಲ್ಕೆ ಮಾತ್ರ. ಅವಳು ಕಳಿಸಿದ ನಕ್ಷೆಯಲ್ಲಿ ನಡುದಿಬ್ಬವೂ ಇದೆ. ಸಂಕೀರ್ಣ ಕುಳಿ. ಖಚಿತ.

ಹೊಟ್ಟೆ ಉರಿಯಿತು. ಸುಳ್ಳೇಕೆ, ಚೆನ್ನಾಗಿಯೇ ಉರಿಯಿತು.

ಸ್ಲೈಡನ್ನು ತುಸು ವಾಲಿಸಿದೆ. ಗೆರೆ ಮಾಯ. ಕೆಲವು ಕೋನಗಳಲ್ಲಿ ಅವು ಕಾಣುವುದಿಲ್ಲ, ಅದಕ್ಕೇ ಎಲ್ಲ ಕಡೆಗೂ ವಾಲಿಸಿ ನೋಡಬೇಕು. ಅದೂ ನನ್ನದೇ ನಿಯಮ. ಹಾಗೇ ಬಿಟ್ಟು ಫೋಟೋ ತೆಗೆದೆ. ವರದಿ ಬರೆದೆ: ‘ಈ ಕೋನದಲ್ಲಿ ಗೆರೆಗಳಿಲ್ಲ. ಸದ್ಯಕ್ಕೆ ದುಂಡು ರಚನೆ.’

ಒಂದಕ್ಷರ ಸುಳ್ಳಿಲ್ಲ.

ಮಾರ್ಚ್ 9

ತಂಗಿ ಲ್ಯಾಬಿಗೆ ಬಂದಳು. ಜಗಳಕ್ಕೆ ಟೊಂಕ ಕಟ್ಟಿ ಕೂತಿದ್ದೆ. ಅವಳೋ...

“ಬಿಡಕ್ಕ. ನಿನ್ ಕಣ್ಣಿಗೆ ಕಾಣ್ಲಿಲ್ಲ ಅಂದ್ಮೇಲೆ ಇಲ್ಲ ಅಂತಾನೇ. ಪಟ್ಟಿಯಿಂದ ತೆಗೀರಿ ಅಂತ ಸಂಪಾದಕರಿಗೆ ಬರೆದ್ಬಿಟ್ಟೆ.”

“ಬೇರೆ ಯಾರಿಗಾದ್ರೂ ತೋರಿಸ್ಬಹುದಿತ್ತಲ್ಲೇ?”

“ನಿನಗಿಂತ ಯಾರಿದಾರೆ? ಯಾಕೆ, ಮುಖ ಬಾಡಿದೆ? ಹುಷಾರಿಲ್ವಾ?”

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ. ಆದರೂ ಹೆಗಲು ಮುಟ್ಟಿ ನೋಡಿಕೊಂಡೆ.

ಮಾರ್ಚ್ 13, ಬೆಳಿಗ್ಗೆ 10

ಪಟ್ಟಿ ಸಂಜೆ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಅವಳ ಕುಳಿಯ ಸಾಲು ಇಲ್ಲ. ನನಗೆ ಖುಷಿಯಾಗಬೇಕಿತ್ತು. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ.

ಫೋನ್ ಮಾಡಿದೆ. “ಲ್ಯಾಬಿಗೆ ಬಾರೇ. ಈಗ್ಲೇ.”

11.40

ಬಂದಳು. ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ನಾನು ವಾಲಿಸುತ್ತಾ ಹೋದೆ, ಅವಳು ನೋಡುತ್ತಾ ಹೋದಳು.

“ಅಕ್ಕಾ! ಗೆರೆ! ಎರಡು ದಿಕ್ಕಿಗೂ ಇದೆ!” ಎದ್ದು ನನ್ನನ್ನು ತಬ್ಬಿಕೊಂಡಳು. ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿದೆ: ಸಂಕೀರ್ಣ ಕುಳಿ, ಖಚಿತ, ಸೇರಿಸಿ.

ಆಮೇಲೆ ಅವಳು ಮೇಜಿನ ಮೇಲಿದ್ದ ನನ್ನ ಹಳೆಯ ಫೋಟೋ ಎತ್ತಿಕೊಂಡಳು. ಒಂದೇ ಕೋನದ ಒಂದೇ ಫೋಟೋ. ಎಷ್ಟು ಕೋನ ನೋಡಬೇಕು ಎಂಬುದು ಅವಳಿಗೂ ಗೊತ್ತು, ಕಲಿಸಿದವಳು ನಾನೇ ತಾನೆ. ನಗು ಮೆಲ್ಲಗೆ ಇಳಿಯಿತು.

“ಅಕ್ಕಾ... ನಿನಗೆ ಇದು ಮೊದಲು ಕಂಡಿದ್ದು ಯಾವತ್ತು?”

‘ಇವತ್ತೇ’ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದು — “ಐದನೇ ತಾರೀಕು. ಮಧ್ಯಾಹ್ನ ಮೂರಕ್ಕೆ.”