ಟೇಪಿನಲ್ಲಿದ್ದ ಪುಸ್ತಕ

ನಾಗಪುರ
೯ ನವೆಂಬರ್ ೧೯೯೭

ಗದಗಿನ ಬೀಗತಿ ಸಾವಿತ್ರಮ್ಮನವರಿಗೆ ನೀಲಾಂಬಿಕಾ ಮಾಡುವ ಶರಣು.

ನಾನು ರುದ್ರಪ್ಪನವರ ಹೆಂಡತಿ, ಈ ಮನೆಯ ಹಿರಿಯಳು, ಹನ್ನೊಂದು ವರ್ಷದಿಂದ ಇಲ್ಲಿಯ ಕನ್ನಡ ಮಹಿಳಾ ಸಮಾಜದ ಅಧ್ಯಕ್ಷೆ. ಬರೆದ ಮಾತನ್ನು ಹಿಂದೆಗೆದುಕೊಳ್ಳುವುದು ನನಗೆ ರೂಢಿಯಿಲ್ಲ. ಇವತ್ತು ಅದಕ್ಕೇ ಕುಳಿತಿದ್ದೇನೆ.

ನಿಮ್ಮ ಮಗಳು ಸೌಜನ್ಯಾ ನಮ್ಮ ಯಜಮಾನರ ಆರು ವರ್ಷದ ಕೆಲಸ ಹಾಳುಮಾಡಿದಳು, ಬಂದು ಕರೆದುಕೊಂಡು ಹೋಗಿ ಎಂದು ದಸರೆಗೆ ಮುಂಚೆ ಬರೆದಿದ್ದೆ. ಮರಾಠಿ ಆಡುತ್ತಲೇ ಬೆಳೆಯುವ ಇಲ್ಲಿಯ ನಮ್ಮ ಮಕ್ಕಳಿಗೆ ಕನ್ನಡ ಓದಲು ಕಲಿಸುವ ಪುಸ್ತಕವದು. ಲಕ್ವ ಹೊಡೆದು ಬಲಗೈ ಹೋದ ಮೇಲೆ ಅವರು ಮತ್ತೆ ಬರೆಯುವಂತಿರಲಿಲ್ಲ. ಕಂಪ್ಯೂಟರ್ ಕೆಟ್ಟಾಗ ಉಳಿದದ್ದು ಪುಸ್ತಕದ ಪ್ರತಿ ಇಳಿಸಿಟ್ಟಿದ್ದ ಒಂದು ಟೇಪ್ ಮಾತ್ರ. ಕಂಪ್ಯೂಟರನ್ನು ನಡೆಸುವ ಹಳೆಯ ವ್ಯವಸ್ಥೆಯ ಫ್ಲಾಪಿಗಳಿಗೆ ಬೂಷ್ಟು ಹಿಡಿದಿದ್ದರಿಂದ ಸೌಜನ್ಯಾ ಲಿನಕ್ಸ್ ಎಂಬ ಹೊಸದನ್ನು ಹಾಕಿದಳು. ಅದಕ್ಕೆ ನಮ್ಮ ಟೇಪ್ ಓದಲು ಬರಲಿಲ್ಲ.

ಅಂದಿನಿಂದ ಟೇಪ್ ಓದಿಸಲೆಂದು ಆ ವ್ಯವಸ್ಥೆಯ ತಿರುಳಿಗೇ ಕೈಹಾಕಿ ಪ್ರೋಗ್ರಾಂ ಬರೆಯತೊಡಗಿದಳು. ನಾನು ಕರೆದರೆ ಬೇಗ ಏಳುತ್ತಿರಲಿಲ್ಲ. ನನಗಿಂತ ಆ ಡಬ್ಬಿ ದೊಡ್ಡದೇನವಾ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅದಕ್ಕವಳು, "ನೀವು ಹತ್ತ ಸಲ ಕರೀತೀರಿ ಅತ್ತಿ, ಟೇಪ್ ಒಂದ ಸಲ ಕರೀತೈತ್ರಿ. ಆಗಿಂದಾಗ ಓ ಅನ್ನಲಿಲ್ಲಂದ್ರ ಮುಂದ ಹೋಗಿಬಿಡ್ತೈತಿ" ಎಂದಳು. ಓಡುವ ಟೇಪು ಕೊಟ್ಟದ್ದನ್ನು ಕಂಪ್ಯೂಟರ್ ಆ ಕ್ಷಣಕ್ಕೇ ತೆಗೆದುಕೊಳ್ಳಬೇಕಂತೆ. ಬೇರೆ ಕೆಲಸದಲ್ಲಿ ತಡಮಾಡಿದರೆ ಟೇಪು ನಿಂತು, ಹಿಂದೆ ಸುತ್ತಿ, ಮತ್ತೆ ಓಡಬೇಕು. ಮಂಚದ ಮೇಲಿಂದ ಯಜಮಾನರು ನನ್ನತ್ತ ನೋಡಿ, "ಥೇಟ್ ನಿನ್ನ ಹಾಂಗ ಐತಿ ನೋಡ" ಎಂದು ನಕ್ಕರು.

ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕಲು ಹೋಗಿದ್ದಾಗ ಟೇಪ್ ಓಡಿಸುವ ಯಂತ್ರ ಕಿರುಗುಟ್ಟಿತು. ಹಾಡಿನ ಕ್ಯಾಸೆಟ್ಟಿನಂತೆ ಸಿಕ್ಕಿಕೊಂಡಿತೆಂದು ಟೇಪನ್ನು ಹೊರಗೆಳೆದು ಮತ್ತೆ ಒಳಗಿಟ್ಟೆ. ಓದುವುದು ನಡುವೆಯೇ ನಿಂತುಹೋದದ್ದು ಕಂಡು ಸೌಜನ್ಯಾ ತನ್ನ ಪ್ರೋಗ್ರಾಂನಲ್ಲೇ ತಪ್ಪಿದೆಯೆಂದು ಎರಡು ದಿನ ಹುಡುಕಿದಳು. ನಾನು ಬಾಯಿ ಬಿಡಲಿಲ್ಲ.

ಹಾಗೆ ಹುಡುಕುವಾಗ ಖರೇ ತಪ್ಪೊಂದು ಸಿಕ್ಕಿತು. ಒಳಗೆ ಏನಾಗುತ್ತಿದೆಯೆಂದು ತಿಳಿಯಲು ಅವಳು ಪರದೆಯ ಮೇಲೆ ಬರೆಸುತ್ತಿದ್ದ ಸಾಲುಗಳೇ ಕಂಪ್ಯೂಟರನ್ನು ತಡಮಾಡಿಸಿ ಟೇಪನ್ನು ನಿಲ್ಲಿಸುತ್ತಿದ್ದವು. ತೆಗೆದುಹಾಕಿದಳು. ಗುರುವಾರ ಟೇಪು ಎಲ್ಲೂ ತಡೆಯದೆ ಓಡಿತು, ಪುಸ್ತಕ ಪೂರ್ತಿ ಬಂತು. ಗಾಂಧಿಬಾಗಿನ ಪ್ರೆಸ್ಸಿನಿಂದ ಅವಳು ಮೊದಲ ಪಾಠದ ಅಚ್ಚು ತಂದಾಗ ಯಜಮಾನರು ಎಡಗೈಯಿಂದ ಅವಳ ಕೈ ಹಿಡಿದವರು ಬಿಡಲೇ ಇಲ್ಲ. ನಾನು ಒಲೆ ಆರಿಸುವ ನೆವ ಮಾಡಿ ಒಳಗೆ ಹೋದೆ. ಒಲೆ ಆಗಲೇ ಆರಿತ್ತು.

ಇಂಥ ಮಗಳನ್ನು ಬೆಳೆಸಿ ನಮ್ಮ ಮನೆಗೆ ಕೊಟ್ಟಿರಿ. ನಿಮ್ಮ ಈ ಉಪಕಾರವನ್ನು ನಾನು ಮರೆಯುವವಳಲ್ಲ.

ನಿಮಗೆ ಋಣಿಯಾದ
ನೀಲಾಂಬಿಕಾ

ತಾ.ಕ.: ಇಂದು ಎಲ್ಲರೂ ಊಟಕ್ಕೆ ಕುಳಿತಾಗ, ಟೇಪು ಎಳೆದದ್ದು ನಾನೇ ಎಂದು ಹೇಳಿದೆ. "ಎರಡ ದಿನಾ ನನ್ನ ತಲಿ ತಿಂದ್ರಲ್ಲರೀ ಅತ್ತಿ!" ಎಂದು ಸೌಜನ್ಯಾ ನಕ್ಕಳು. ನಾನು ನಗಲಿಲ್ಲ, ಗಂಡ ಮಗನ ಎದುರಿಗೇ ಅವಳಲ್ಲಿ ಕ್ಷಮೆ ಕೇಳಿದೆ. ಮಗಳ ಪರವಾಗಿ ಕ್ಷಮೆ ಬೇಡಿ ನೀವು ನನಗೆ ಬರೆದಿದ್ದ ಪತ್ರವನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ. ಇದೇ ಲಕೋಟೆಯಲ್ಲಿ ವಾಪಸು ಕಳಿಸಿದ್ದೇನೆ.