ಬಾಟ್ಲಿಯ ಗುಳ್ಳೆ ನಿಂತ ಮೇಲೆ

ದೊಡ್ಡಬಳ್ಳಾಪುರ
೧೧-೨-೧೯೯೩

ಪ್ರೀತಿಯ ಜಯಣ್ಣನಿಗೆ ನಿನ್ನ ತಮ್ಮ ಬೀರೇಶ ಮಾಡುವ ನಮಸ್ಕಾರ.

ಹೇಗಿದ್ದೀಯಣ್ಣಾ? ಇಚಲಕರಂಜಿ ನೀರು ಒಗ್ಗಿತಾ? ಹೊತ್ತಿಗೆ ಸರಿಯಾಗಿ ಉಣ್ತಿದ್ದೀಯಾ, ಇಲ್ಲಾ ಮಗ್ಗ ರಿಪೇರಿ ಮಾಡ್ತಾ ಟೀ ಬನ್ನಲ್ಲೇ ದಿನ ದೂಡ್ತಿದ್ದೀಯಾ? ನನ್ನ ಬುದ್ಧಿ ಗೊತ್ತಲ್ಲ, ನಿನ್ನ ಕಾಗದ ಎರಡು ದಿನ ತಡವಾದರೆ ಬಸ್ಸು ಉರುಳಿತೇನೋ ಅಂತ ಯೋಚನೆ ಹತ್ತುತ್ತೆ. ಅಕ್ಷರ ತಪ್ಪಿದ್ದರೆ ನಗಬೇಡ, ಏಳನೇ ಕ್ಲಾಸು ಅರ್ಧಕ್ಕೇ ಬಿಟ್ಟು ಮಗ್ಗಕ್ಕೆ ನಿಂತವನು ನಾನು.

ಮದುವೆ ಮುಂದಕ್ಕೆ ಹಾಕು, ಹೆಣ್ಣಿನ ಕಡೆಯವರ ಹತ್ತಿರ ಕಾಯಿಲೆ ಮಾತು ಎತ್ತಬೇಡ, ಟಿ.ಬಿ. ಅಂದ್ಬಿಡ್ತಾರೆ ಅಂತ ಬರೆದಿದ್ದೀಯ. ಎರಡೂ ಆಗಲ್ಲ ಅಣ್ಣಾ. ಹುಟ್ಟಿದಾಗಿನಿಂದ ಹಾವು, ಕರೆಂಟು, ಲಾರಿ ಎಲ್ಲಕ್ಕೂ ಹೆದರಿದೆ. ಬಂದಿದ್ದು ಮಾತ್ರ ಹೆಸರೇ ಕೇಳದ ರೋಗ. ಸಂಕ್ರಾಂತಿ ಆದ ವಾರ ಮಗ್ಗದ ಮುಂದೆ ನಿಂತಿದ್ದಂಗೇ ಬಲಪಕ್ಕೆಗೆ ದಬ್ಬಳ ಚುಚ್ಚಿದಂಗಾಗಿ ಉಸಿರು ಅರ್ಧಕ್ಕೇ ನಿಂತ್ಕೊಳ್ತು. ಅಪ್ಪ, ಪಕ್ಕೆ ಹಿಡ್ಕೊಂಡೈತೆ ಅಂತ ನಾಟಿ ವೈದ್ಯ ಮಾಡೋ ಜವರಪ್ಪನ ಹತ್ತಿರ ಕರ್ಕೊಂಡೋಗಿ ಕಾದ ಕಬ್ಬಿಣದಲ್ಲಿ ಬರೆ ಹಾಕಿಸ್ತು. ಎರಡು ದಿನ ಅದರ ಉರಿಯಲ್ಲೇ ಕಳೆದ್ವಿ. ಆಮೇಲೆ ಬೆಂಗಳೂರು ಆಸ್ಪತ್ರೆ. ಪಕ್ಕೆಗೆ ತೂತು ಮಾಡಿ ಟ್ಯೂಬು ಇಟ್ಟು, ಇನ್ನೊಂದು ತುದಿ ನೀರಿನ ಬಾಟ್ಲಿಯೊಳಗೆ ಬಿಟ್ಟರು. ಉಸಿರು ಬಿಟ್ಟಾಗೆಲ್ಲ ಗುಳುಗುಳು. ಐದನೇ ದಿನ ಗುಳ್ಳೆ ನಿಂತಿತು, ಸೋರೋದು ಮುಚ್ಚಿತು ಅಂತ ಟ್ಯೂಬು ತೆಗೆದರು.

ಡಾಕ್ಟರನ್ನ ಪ್ರಶ್ನೆ ಕೇಳಿ ಕೇಳಿ ಸಾಕುಮಾಡಿದೆ. ಶ್ವಾಸಕೋಶದ ಮೇಲಿನ ಒಂದು ಸಣ್ಣ ಬೊಬ್ಬೆ ಒಡೆದು, ಗಾಳಿ ಎದೆಗೂಡಿಗೆ ಸೋರಿ, ಶ್ವಾಸಕೋಶ ಮುದುಡಿಕೊಂಡಿತ್ತಂತೆ. ಎಲ್ಲರಿಗೂ ಬರಲ್ಲ, ಹಾಗಂತ ತೀರಾ ಅಪರೂಪವೂ ಅಲ್ಲ. ಅದೇ ವಾರ್ಡಲ್ಲಿ ನನ್ನ ಥರದವನು ಇನ್ನೊಬ್ಬನಿದ್ದ. “ನಿನ್ನಂಗೆ ಉದ್ದಕ್ಕೆ, ಕಡ್ಡಿ ಥರ ಇರೋ ಹುಡುಗರಿಗೇ ಜಾಸ್ತಿ ಕಣಯ್ಯಾ, ಬೀಡಿ ಸೇದಿದರಂತೂ ಕೇಳೋದೇ ಬೇಡ” ಅಂದರು ಡಾಕ್ಟರು. ಟಿ.ಬಿ. ಇದ್ದವರಿಗೂ ಆಗುತ್ತಂತೆ, ಆದರೆ ನನ್ನ ಕಫ ಮೂರು ಸಲ ನೋಡಿ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ದಿನಾ ಲಾಳಿ ತೂತಿಗೆ ಬಾಯಿಟ್ಟು ನೂಲಿನ ಎಳೆ ಹೊರಕ್ಕೆ ಹೀರಿದ್ದಕ್ಕೇ ಹಿಂಗಾಯ್ತು ಅಂತ ಬೀದಿಯೆಲ್ಲಾ ಮಾತು. ಅದೂ ಅಲ್ಲವಂತೆ. ಮೂವರಲ್ಲಿ ಒಬ್ಬರಿಗೆ ತಿರುಗಿ ಬರಬಹುದಂತೆ. ಬರಲಿ, ನೇರ ಆಸ್ಪತ್ರೆಗೆ ಹೋಗ್ತೀನಿ. ಬರೆ ಅಂದರೆ ಅಪ್ಪನ ಮಾತೂ ಕೇಳಲ್ಲ.

ಟಿ.ಬಿ. ಇಲ್ಲ ಅನ್ನೋ ಆ ಚೀಟಿ ಜೇಬಲ್ಲಿಟ್ಕೊಂಡು ಮೊನ್ನೆ ಒಬ್ಬನೇ ತ್ಯಾಮಗೊಂಡ್ಲಿಗೆ ಹೋಗಿದ್ದೆ. ಹೆಣ್ಣಿನ ಅಪ್ಪ ಬೈಲಪ್ಪನವರ ಮುಂದೆ ಶರ್ಟು ಬಿಚ್ಚಿ ಟ್ಯೂಬಿನ ಗುರುತು, ಬರೆ, ಎರಡೂ ತೋರಿಸಿ ಎಲ್ಲಾ ಹೇಳಿಬಿಟ್ಟೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿಯೋದೂ ಮರೆತು ಕೂತರು. ಬಾಗಿಲ ಹಿಂದಿಂದ ರೂಪ, “ಬೀಡಿ ಬಿಟ್ಟವ್ರಾ ಕೇಳಪ್ಪಾ” ಅಂದಳು. ಬಿಟ್ಟೆ ಅಂದೆ. “ಹಂಗಾರೆ ನಂದೇನೂ ತಕರಾರಿಲ್ಲ” ಅಂದಳು. ಮಾರ್ಚಿ ನಾಲ್ಕಕ್ಕೇ ಮದುವೆ. ಯಾರು ಏನಾದರೂ ಅಂದ್ಕೊಳ್ಳಲಿ.

ಅಪ್ಪ ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ.

ನಿನ್ನ ತಮ್ಮ
ಬೀರೇಶ

ಮರೆತೆ: ಲಕೋಟೆ ಅಂಟಿಸೋ ಮುಂಚೆ ನಿನ್ನ ಕಾಗದ ಇನ್ನೊಂದು ಸಲ ಓದಿದೆ. ಕೊನೇ ಸಾಲಲ್ಲಿ ಎಡಪಕ್ಕೆ ಚುಚ್ಚುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು, ಗ್ಯಾಸು ಇರಬೇಕು, ಸೋಡಾ ಕುಡಿದೆ ಅಂತ ಬರೆದಿದ್ದೀಯಲ್ಲ! ನೀನು ನನಗಿಂತ ಎರಡು ಬೆರಳು ಉದ್ದ. ಬೀಡಿ ಕಲಿಸಿದವನೂ ನೀನೇ. ಒಂದೇ ಮನೇಲಿ ಅಣ್ಣತಮ್ಮಂದಿರಿಗೆ ಬರೋದೂ ಉಂಟು ಅಂದಿದ್ದರು ಡಾಕ್ಟರು. ಈಗಲೇ ಓಡಿಹೋಗಿ ತಂತಿ ಕೊಡ್ತೀನಿ: ಸೋಡಾ ಬಿಡು, ಆಸ್ಪತ್ರೆಗೆ ಹೋಗು. ಪೋಸ್ಟಾಫೀಸಿನವರು ನಕ್ಕರೆ ನಗಲಿ. ಎಕ್ಸ್‌ರೇ ತೆಗೆಸಿದೆ ಅಂತ ನಿನ್ನ ಉತ್ತರ ಬರೋವರೆಗೂ ನಾನು ಹಸೆಮಣೆ ಮೇಲೆ ಕೂರಲ್ಲ. ಮದುವೆ ಮುಂದಕ್ಕೆ ಹೋದರೆ ಅದೊಂದಕ್ಕೇ.