ಬಟ್ಟೆ ಸುತ್ತಿದ ಕೋಲು

ಮಂಗಳವಾರ, ಮಧ್ಯಾಹ್ನ

ಮೇಷ್ಟ್ರೇ,

ಹೇಗಿದ್ದೀರಿ ಎಂದು ಈ ಸಲ ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎಂದು ಬರೆಯುತ್ತೀರಿ, ಅದೂ ಮಕ್ಕಳಿಗೆ ಕಾಪಿ ಬರೆಸುವ ಹಾಗೆ ದುಂಡಗಿನ ಅಕ್ಷರದಲ್ಲಿ. ನಿಮ್ಮ ಕಾಲಿಗೆ ಏನಾಗಿದೆ? ಅದನ್ನು ಮೊದಲು ಹೇಳಿ, ಉಳಿದದ್ದು ಆಮೇಲೆ.

ಯಾರೂ ನನ್ನ ಹತ್ತಿರ ಚಾಡಿ ಹೇಳಲಿಲ್ಲ. ನಿಮ್ಮ ಕಡೆಗೆ ಹೋಗಿ ಬರುವ ದೋಣಿಯವನ ಬಾಯಿ ಬಿಡಿಸಲು ನೋಡಿದೆ. ನಂಗೇನೂ ಗೊತ್ತಿಲ್ಲಕ್ಕ, ನನ್ನ ಯಾಕೆ ಕೇಳ್ತೀರ ಅಂತ ಸುತ್ತಿದ ಹಗ್ಗವನ್ನೇ ಮತ್ತೆ ಸುತ್ತುತ್ತ ಕೂತ. ಅವನ ಬಾಯಿಗೆ ಬೀಗ ಹಾಕಿದವರು ಯಾರು ಎಂದು ಅಲ್ಲೇ ಗೊತ್ತಾಯಿತು. ನನಗೆ ಹೇಳಿದ್ದು ನಿಮ್ಮ ಹೆಜ್ಜೆ.

ನಮ್ಮ ಕಡೆ ನಡಿಗೆ ಹೇಗಾಯಿತು ಎಂದು ಕೇಳಿದ್ದಿರಲ್ಲ, ಬರೆಯುತ್ತೇನೆ. ದ್ವೀಪ ದ್ವೀಪದ ಸದ್ದು ಹಿಡಿದಿಡುವ ನಮ್ಮ ಸದ್ದಿನಕ್ಕ ರೆಕಾರ್ಡರ್ ಹಿಡಿದು ಮೊದಲು ಬಂದಾಗ ಇದೆಂಥ ಹುಚ್ಚು ಎಂದುಕೊಂಡಿದ್ದೆ. ಮಾತಾಡದೆ ಸಾಲಾಗಿ ದಂಡೆಯುದ್ದಕ್ಕೂ ನಡೆಯುವುದು, ಒಬ್ಬರು ಎಲ್ಲರ ಹಿಂದೆ ರೆಕಾರ್ಡರ್ ಹೊತ್ತು ಬರುವುದು, ಆಮೇಲೆ ನಿಮ್ಮ ದ್ವೀಪದ ಸದ್ದು ನಮಗೆ, ನಮ್ಮದು ನಿಮಗೆ. ಸಮುದ್ರ ಎಷ್ಟು ಏರಿತು ಎಂದು ಅಳತೆಗೋಲು ಹೇಳುತ್ತದೆ, ಅದರಿಂದ ಏನೇನು ಸುಮ್ಮನಾಯಿತು ಎಂದು ಕಿವಿಯೇ ಹೇಳಬೇಕು ಎನ್ನುತ್ತಾಳೆ ಆಕೆ. ಇರಲಿ ಬಿಡು, ಕಿವಿಗೇನು ಖರ್ಚೇ ಎಂದು ಒಪ್ಪಿಕೊಂಡೆವು.

ಮೊನ್ನೆ ಬೆಳಿಗ್ಗೆ ಹೆಡ್‌ಫೋನಿನಲ್ಲಿ ನಿಮ್ಮ ದ್ವೀಪವನ್ನು ಕಿವಿಗೆ ಸಿಕ್ಕಿಸಿಕೊಂಡು ನಮ್ಮ ದಂಡೆಯಲ್ಲಿ ಹೊರಟೆವು. ಐಸ್ ಗೋದಾಮು ದಾಟಿ ಬಾವಿಯ ಹತ್ತಿರ ಬರುವಾಗ ಕಿವಿಯಲ್ಲಿ ಕಪ್ಪೆ. ಒಂದಲ್ಲ, ಇಡೀ ಸಂಸಾರ. ಬಾವಿ ಉಪ್ಪಾದಾಗಿನಿಂದ ನಮ್ಮಲ್ಲಿ ಕಪ್ಪೆ ಕೂಗಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಬಾವಿ ಕೆಟ್ಟಿದ್ದನ್ನು ಎಲ್ಲರೂ ಎದೆಗೆ ಹಚ್ಚಿಕೊಂಡೆವು, ಕಪ್ಪೆ ಹೋದದ್ದನ್ನು ಒಬ್ಬರೂ ಗಮನಿಸಲಿಲ್ಲ. ನಿಮ್ಮ ಸೋದರತ್ತೆ ಬಲೆ ಹೆಣೆಯುವುದನ್ನು ಬಿಟ್ಟು ಬಂದಿದ್ದರು. ಒಣ ಮರಳಿನ ಮೇಲೆ ಕಾಲನ್ನು ಎತ್ತೆತ್ತಿ, ನೋಡಿ ನೋಡಿ ಇಡತೊಡಗಿದರು. ಯಾಕತ್ತೆ ಎಂದು ಸನ್ನೆ ಮಾಡಿದರೆ, ನಿಯಮ ಗಿಯಮ ಎಲ್ಲ ಮರೆತು, ತುಳಿದುಬಿಟ್ರೆ ಪಾಪ ಕಣೇ ಅಂದರು. ಎಲ್ಲರಿಗೂ ನಗು ಬಂತು. ಆಮೇಲೆ ಯಾರಿಗೂ ನಗು ಬರಲಿಲ್ಲ. ಒಬ್ಬೊಬ್ಬರೇ ನಿಂತುಬಿಟ್ಟರು. ಮುಂದೆ ಹೋಗೋಣ ಎಂದು ಸದ್ದಿನಕ್ಕನೂ ಹೇಳಲಿಲ್ಲ.

ಎಲ್ಲರೂ ಕಪ್ಪೆ ಕೇಳುತ್ತಿದ್ದಾಗ ನಾನು ಬೇರೆಯದನ್ನು ಕೇಳುತ್ತಿದ್ದೆ. ರೆಕಾರ್ಡರ್ ಹೊತ್ತವರ ಹೆಜ್ಜೆ ಕೇಳಬಾರದು, ಬರಿಗಾಲಲ್ಲಿ ನಡೆಯಬೇಕು ಎಂದು ಸದ್ದಿನಕ್ಕ ಹೇಳಿದ್ದಳು. ನಿಮ್ಮ ಕಡೆ ಹೊತ್ತವರು ನೀವು. ಚಪ್ಪಲಿ ಬಿಟ್ಟಿದ್ದೀರಿ, ನಿಜ. ಆದರೆ ಒಂದು ಹೆಜ್ಜೆ, ಒಂದು ಎಳೆತ, ಅದರ ಬೆನ್ನಿಗೇ ಮೆತ್ತಗೆ ಏನೋ ಊರಿದ ಸದ್ದು. ಒಂದು ಸಿಲಿಂಡರ್ ಸೋತ ಇಂಜಿನ್ ಹಾಗೆ. ಅದು ಕೋಲು. ಅದರ ತುದಿಗೆ ಬಟ್ಟೆ ಸುತ್ತಿದ್ದೀರಿ. ನಿಯಮ ಪಾಲಿಸಲು ಸುತ್ತಿದಿರೋ, ನನ್ನ ಕಿವಿಗೆ ಹೆದರಿ ಸುತ್ತಿದಿರೋ, ನಿಮಗೇ ಗೊತ್ತು. ಕಲ್ಲು ಹಾಸಿದ ದಾರಿಯಲ್ಲಿ ಮೆತ್ತಗಿನ ಸದ್ದೇ ಎದ್ದು ಕೇಳುತ್ತದೆ ಎಂದು ಇಷ್ಟು ಓದಿದವರಿಗೆ ಹೊಳೆಯಲಿಲ್ಲವೇ. ಮನೆಗೆ ಬಂದು ಅಡುಗೆಗೆ ಕೈ ಹಚ್ಚಲಿಲ್ಲ. ಸುಮ್ಮನೆ ಕೂತು ಅತ್ತುಬಿಟ್ಟೆ, ಅಷ್ಟೆ.

ಮನೆಗೆ ಬಂದು ಎಂದು ಬರೆದೆನಲ್ಲ, ಅದು ಸುಳ್ಳು. ನಿಮ್ಮನ್ನು ಬೈಯುವ ನಾನೇನೂ ಸಾಚಾ ಅಲ್ಲ.

ನಮ್ಮ ಕಡೆಯ ರೆಕಾರ್ಡಿಂಗಿನ ಶುರುವಿನಲ್ಲೇ ನಮ್ಮ ಮನೆ ಬಾಗಿಲು ಕಿರ್ರೆಂದದ್ದು ಕೇಳಿ ಕಣ್ಣು ತುಂಬಿತು, ಊರಿಗೆಲ್ಲ ಗ್ರೀಸ್ ಹಚ್ಚುವವಳಿಗೆ ಸ್ವಂತ ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡಲು ಪುರುಸೊತ್ತಿಲ್ಲವೇ ಎಂದು ಬರೆದಿದ್ದಿರಿ. ಓದಿ ನಕ್ಕೆ. ಬಾಗಿಲು ನಮ್ಮದೇ. ಆದರೆ ಅದೀಗ ಮನೆಯಲ್ಲಿಲ್ಲ. ಕಳೆದ ದೊಡ್ಡ ಭರತದಲ್ಲಿ ಸಮುದ್ರ ಉಕ್ಕಿ, ನೀರು ಹೊಸಿಲು ದಾಟಿ ಅಡುಗೆಮನೆವರೆಗೂ ಬಂತು, ಬಂದದ್ದು ಪೂರ್ತಿ ಹೋಗಲೂ ಇಲ್ಲ. ಚೌಕಟ್ಟು ಕೊಳೆಯುವ ಮೊದಲು ಬಾಗಿಲು ಬಿಚ್ಚಿ ತಂದು ವರ್ಕ್‌ಶಾಪಿನ ಮೇಲಿನ ಕೋಣೆಗೆ ಕೂರಿಸಿದೆ. ಈಗ ಅಲ್ಲೇ ಮಲಗುತ್ತೇನೆ. ನಿಮ್ಮ ಪುಸ್ತಕಗಳೂ ಇಲ್ಲೇ ಇವೆ, ಕೆಳಗಿನ ಸಾಲಿನವು ಬಿಟ್ಟು. ಅವುಗಳ ವಿಷಯ ಈಗ ಕೇಳಬೇಡಿ.

ಎಣ್ಣೆ ಬಿಡದಿರಲು ಪುರುಸೊತ್ತು ಕಾರಣವಲ್ಲ. ಅದು ಕಿರುಗುಟ್ಟಿದರೆ ನೀವು ಶಾಲೆ ಮುಗಿಸಿ ಬಂದಿರಿ ಎಂದು ಲೆಕ್ಕ.

ನೀವು ಕಾಲಿನ ವಿಷಯ ಯಾಕೆ ಮುಚ್ಚಿಟ್ಟಿರಿ ಎಂದು ನನಗೆ ಚೆನ್ನಾಗಿ ಗೊತ್ತು. ಆಟದ ಮೈದಾನಕ್ಕೆ ಸಮುದ್ರ ಬಂದು ಶಾಲೆಯೂ ನೀವೂ ಆಚೆ ದ್ವೀಪಕ್ಕೆ ಹೋದಾಗ, ಬಾ ಎಂದು ನೀವು ಕರೆದಿರಿ, ದೋಣಿ ಇಂಜಿನ್ ರಿಪೇರಿ ಬಿಟ್ಟು ಬರಲಾರೆ ಎಂದು ನಾನು ಹೇಳಿದೆ. ಅಂದಿನಿಂದ ನಮ್ಮ ಪತ್ರಗಳಲ್ಲಿ ಗಾಳಿ, ಮಳೆ, ಬಿಡಿಭಾಗ ಬಿಟ್ಟರೆ ಬೇರೆ ಮಾತಿಲ್ಲ. ಈಗ ಕಾಲು ನೋವೆಂದರೆ ನಾನು ಓಡಿ ಬರುತ್ತೇನೆ, ಕಾಲನ್ನು ನೆಪ ಮಾಡಿ ಕರೆಸಿಕೊಂಡ ಹಾಗಾಗುತ್ತದೆ ಎಂದು ನಿಮಗೆ ಬಿಗುಮಾನ. ಮನೆ ಹೋಯಿತೆಂದರೆ ಗತಿಯಿಲ್ಲದೆ ಬಂದಳು ಎಂದಾಗುತ್ತದೆ ಎಂದು ನನಗೆ. ಇಬ್ಬರೂ ಸೇರಿ ಎಷ್ಟು ಚೆಂದ ಸಂಸಾರ ಮಾಡುತ್ತಿದ್ದೇವೆ ನೋಡಿ.

ನೀವಿಲ್ಲದೆ ನನಗೆ ಆಗುತ್ತಿಲ್ಲ. ಇದನ್ನು ಹೇಳಲು ಇಷ್ಟು ಉದ್ದ ಬರೆಯಬೇಕಾಯಿತು. ಆದರೂ ಬರುತ್ತೇನೆ ಎಂದು ಮಾತು ಕೊಡಲಾರೆ. ಇಲ್ಲಿ ಇನ್ನೂ ದೋಣಿಗಳಿವೆ, ಬೆಳಗಾದರೆ ಅಕ್ಕಾ ಸ್ವಲ್ಪ ನೋಡು ಅಂತ ಕರೆಯುವವರಿದ್ದಾರೆ. ನಿಮ್ಮ ಅತ್ತೆಯಂತೂ ಊರು ಬಿಡುವ ಮಾತನ್ನು ಕೂತ ಕುರ್ಚಿ ತೇಲಿದ ಮೇಲೆ ನೋಡೋಣ ಎನ್ನುತ್ತಾರೆ. ನೀರಿಗೆ ಹೆದರಿ ಹೊರಟೆನೆಂದರೆ ಇವರ ಮುಖ ಹೇಗೆ ನೋಡಲಿ. ಕಾಲನ್ನು ಯಾರಿಗಾದರೂ ತೋರಿಸಿ. ತೋರಿಸಿದ್ದೇನೆ ಎಂದು ಬರೆದು ಸುಮ್ಮನಿರಬೇಡಿ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ನಿಮ್ಮ ಗ್ರೀಸು

ಮರೆತ ಮಾತು: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಪತ್ರ ಒಯ್ಯಲು ಸದ್ದಿನಕ್ಕ ಬಂದಳು. ನಿಮ್ಮ ಕಾಲಿನ ವಿಷಯ ಕೇಳಿದೆ. ಅವಳಿಗೆ ಸುಳ್ಳು ಬರುವುದಿಲ್ಲ. ಸಂಜೆ ಸಂಜೆ ದೋಣಿಕಟ್ಟೆಗೆ ಹೋಗಿ ನಿಲ್ಲುತ್ತೀರಂತೆ. ನಮ್ಮ ಕಡೆಯ ದೋಣಿಗಳ ಇಂಜಿನ್ ಸದ್ದು ನೆಟ್ಟಗಿದ್ದರೆ ಇವಳೂ ನೆಟ್ಟಗಿದ್ದಾಳೆ ಎಂದು ಹೇಳಿಕೊಂಡು ಮನೆಗೆ ಹೋಗುತ್ತೀರಂತೆ. ಪಾಚಿಯ ಮೇಲೆ ಜಾರಿದ್ದು ಹಾಗೆ ನಿಂತಾಗಲೇ ಅಂತೆ.

ಮುಂದಿನ ನಡಿಗೆಗೆ ರೆಕಾರ್ಡರ್ ಹೊರುವವರನ್ನು ಅವಳು ಬರೆದುಕೊಳ್ಳುತ್ತಿದ್ದಳು. ಇಲ್ಲಿಗೆ ನಿಮ್ಮ ಅತ್ತೆ, ಬಾಯಿ ಮುಚ್ಚಿಕೊಂಡಿರುವುದಾಗಿ ಆಣೆ ಮಾಡಿದ್ದಾರೆ. ನಿಮ್ಮ ಕಾಲು ಹೀಗಿರುವಾಗ ನಿಮ್ಮ ಕಡೆಗೆ ಇನ್ನೂ ಯಾರೂ ಸಿಕ್ಕಿಲ್ಲ, ಅಲ್ಲೇ ವಾಸವಿರುವವರೇ ಆಗಬೇಕು ಎಂದಳು. ನನ್ನ ಹೆಸರು ಹಾಕು ಎಂದೆ. ಅಕ್ಕಾ, ವಾಸ ಎಲ್ಲಿ ಅಂತ ಬರೀಲಿ ಎಂದು ಕೇಳಿದಳು. ಮೇಷ್ಟ್ರ ಮನೆ ಅಂತ ಬರಿ ಎಂದೆ.